ಹನ್ನೊಂದು ಗಂಟೆಯ ಗಾಳಿ

"ಅಲ್ಲಮ್ಮಾ, ಆ ಎತ್ತರದ ಕಟ್ಟಡ ಎಲ್ಲಿ ಹೋಯ್ತು?"

ಚಿತ್ರಗಾರ್ತಿ ತಿರುಗಿ ನೋಡಿದಳು. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯಜ್ಜ ನಿಂತಿದ್ದ. ನಗರದಲ್ಲಿ ಉಳಿದಿದ್ದ ಒಂದೇ ಒಂದು ಗಾಳಿಗಿರಣಿ ಅವನದು. ಸೋಮವಾರ ಅದನ್ನು ಕೆಡವಿ ರಸ್ತೆ ಅಗಲ ಮಾಡುವವರಿದ್ದರು. ಅಷ್ಟರೊಳಗೆ ಒಂದು ಚಿತ್ರ ಬರೆದುಕೊಡು ಎಂದು ದುಂಬಾಲು ಬಿದ್ದವನೂ ಅವನೇ. ಮೂರು ದಿನ ರಸ್ತೆಬದಿಯಲ್ಲಿ ಕೂತು ಅವಳು ಕ್ರೇನು, ತಂತಿ, ಕಟ್ಟಡಗಳನ್ನೆಲ್ಲ ಬಿಟ್ಟು ಗಿರಣಿಯ ಸುತ್ತ ಬರೀ ಹುಲ್ಲುಗಾವಲು ಬರೆದಿದ್ದಳು.

"ಮೊದಲು ಹೀಗೇ ಇತ್ತಂತಲ್ಲ ಅಜ್ಜ? ಆ ಕಟ್ಟಡ ನಿಮ್ಮ ಗಾಳೀನೇ ತಡೆದುಬಿಟ್ಟಿದೆ. ಅದರ ಮೇಲೆ ಸಿಟ್ಟಿರುತ್ತೆ ಅಂದ್ಕೊಂಡೆ."

"ಹಿಟ್ಟು ಬೀಸೋಕೆ ಮೋಟಾರಿದೆ ಬಿಡು. ನಮ್ಮವಳು ಇರೋದೇ ಅಲ್ಲಿ, ನಾಲ್ಕನೇ ಮಹಡಿ, ಮಗಳ ಮನೇಲಿ. ಸೊಂಟ ಮುರಿದು ಮಲಗಿ ಎರಡು ವರ್ಷ ಆಯ್ತು. ದಿನಾ ಹನ್ನೊಂದಕ್ಕೆ ಕಿಟಕೀಲಿ ರೆಕ್ಕೆ ತಿರುಗೋದು ನೋಡ್ತಾಳೆ. ಈ ಚಿತ್ರ ಅವಳಿಗೇ."

ತಾನು ಕೂತ ಜಾಗವೇ ತಪ್ಪು ಎಂದು ಅವಳಿಗೆ ಆಗ ಹೊಳೆಯಿತು.

ಮರುದಿನ ಅವಳು ಅಜ್ಜಿಯ ಮಂಚದ ಪಕ್ಕದಲ್ಲೇ ಹೊಸ ಕ್ಯಾನ್ವಾಸು ನಿಲ್ಲಿಸಿದಳು. ಮೇಲಿನಿಂದ ಕಂಡ ಗಿರಣಿಯೇ ಬೇರೆ. ತೇಪೆ ಹಾಕಿದ ರೆಕ್ಕೆಗಳು, ಪಾರಿವಾಳ ಕೂತು ಬೆಳ್ಳಗಾದ ಸೂರು, ಹಿಂದೆ ಸಾಲುಗಟ್ಟಿದ ಬಸ್ಸುಗಳು. ಹನ್ನೊಂದಕ್ಕೆ ಸರಿಯಾಗಿ ರೆಕ್ಕೆಗಳು ಅಲುಗಿದವು. ಆದರೆ ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಗಿರಣಿಯ ಸುತ್ತಲಿನ ಅಟ್ಟಣೆಯ ಕಂಬದ ಮರೆಯಲ್ಲಿ ನಿಂತು ಅಜ್ಜ ಒಂದೊಂದೇ ರೆಕ್ಕೆಗೆ ಭುಜ ಕೊಟ್ಟು ತಳ್ಳುತ್ತಿದ್ದ.

"ಅಜ್ಜಿ, ಅದು..."

"ಗೊತ್ತು ಮಗಳೇ. ಮಲಗಿದ ಮೊದಲನೇ ವಾರದಿಂದಾನೂ ಗೊತ್ತು." ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ನನಗೆ ಕಾಣಲ್ಲ ಅಂತ ಅವರ ಲೆಕ್ಕ. ಸಂಜೆ ಬಂದು, ಇವತ್ತು ಒಳ್ಳೆ ಗಾಳಿ ಕಣೇ ಅಂತಾರೆ. ನಾನೂ ಹೂಂ ಅಂತೀನಿ."

"ಹಾಗಾದ್ರೆ ಅವರನ್ನ ಬರೀಲಾ, ಬಿಡ್ಲಾ? ಬರೆದ್ರೆ ನಿಮಗೆ ಗೊತ್ತಿತ್ತು ಅಂತ ಅವರಿಗೂ ಗೊತ್ತಾಗುತ್ತೆ."

ಅಜ್ಜಿ ಕಿಟಕಿಯತ್ತ ನೋಡಿದಳು. ಕೆಳಗೆ ರೆಕ್ಕೆ ನಿಂತಿತು, ಮತ್ತೆ ಅಲುಗಿತು.

"ಬರಿ. ಸೋಮವಾರ ಆದ್ಮೇಲೆ ಗೊತ್ತಾಗಲಿ."

ಚಿತ್ರಗಾರ್ತಿ ಎಲ್ಲಕ್ಕಿಂತ ಸಣ್ಣ ಕುಂಚ ಆರಿಸಿ, ಕಂಬದ ಪಕ್ಕ ಅಕ್ಕಿಕಾಳಿನ ಗಾತ್ರದ ಮನುಷ್ಯನನ್ನು ಬರೆದಳು. ಅಜ್ಜಿ ದಿಂಬಿನಿಂದ ತಲೆ ಎತ್ತಿ ನೋಡಿದಳು.

"ಅಷ್ಟು ನೆಟ್ಟಗೆ ಬೇಡ ಮಗಳೇ. ಅವರ ಬೆನ್ನು ಈಗ ಚೂರು ಬಾಗಿದೆ."