ಟವರಿನ ಬುಡದಲ್ಲಿ ಹಾಜರಿ

‘ಇಂಟರ್ನೆಟ್ ಸಂಪರ್ಕವಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು ಫೋನು. ಏಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ ಇಂಟರ್ನೆಟ್ಟನ್ನು ಬರಿಸಲೆಂದೇ ಅಲ್ಲವೇ ಅವನನ್ನು ಇಲ್ಲಿಗೆ ಅಟ್ಟಿದ್ದು? ನಸುಕಿನಲ್ಲಿ ಹೊರಟು, ಎರಡು ಬಸ್ಸು, ಒಂದು ಹಾಲಿನ ವ್ಯಾನು, ಆಮೇಲೆ ಕಾಲ್ನಡಿಗೆ. ಗುಡ್ಡದ ನೆತ್ತಿಯ ಮೊಬೈಲ್ ಟವರಿನ ಬುಡಕ್ಕೆ ಬಂದು ನಿಂತಾಗ ಒಂಬತ್ತೂಕಾಲು. ಕೆಟ್ಟ ಟವರುಗಳನ್ನು ಹತ್ತಿ ಇಳಿದೇ ಅರ್ಧ ಆಯುಷ್ಯ ಕಳೆದವನಿಗೆ ಜೊತೆಯವರು ಇಟ್ಟ ಹೆಸರು ಏಣಿ.

ಹತ್ತು ಗಂಟೆಯೊಳಗೆ ಟವರಿನ ಪಕ್ಕ ನಿಂತು ತನ್ನ ಮುಖದ ಫೋಟೊ ತೆಗೆದು ಆ್ಯಪಿಗೆ ಕಳಿಸಿದರಷ್ಟೇ ಹಾಜರಿ. ಇಲ್ಲದಿದ್ದರೆ ಗೈರು. ತಿಂಗಳಲ್ಲಿ ಮೂರು ಗೈರು ಬಿದ್ದರೆ ಕೆಲಸ ಹೋದ ಹಾಗೆಯೇ. ಮಗಳ ಜ್ವರದಲ್ಲಿ ಎರಡು ಆಗಲೇ ಬಿದ್ದಿದ್ದವು.

“ಸಿಗ್ನಲ್ ಬೇಕಾದ್ರೆ ಆ ಒಣಮರದ ಹತ್ರ ಹೋಗಪ್ಪ,” ಎಂದಳು ಕಾವಲಿನ ಅಜ್ಜಿ, ಬೇಲಿಯ ಬೀಗ ತೆಗೆಯುತ್ತ. “ಆಚೆ ಗುಡ್ಡದ ಟವರಿಂದು ಒಂದು ಕಡ್ಡಿ ಬರತ್ತೆ. ನನ್ನ ಮೊಣಕಾಲು ಅಷ್ಟು ದೂರ ನಡೆಯಲ್ಲ. ಮೊಮ್ಮಗಳ ದನಿ ಕೇಳಿ ಎಂಟು ದಿನ ಆಯ್ತು.”

ಏಣಿ ಬಿದ್ದಂಬೀಳ ಓಡಿದ. ಮರದ ಕೆಳಗೆ ಕೈ ಎತ್ತಿ ಹಿಡಿದು ಒಂದು ಕಡ್ಡಿ ಬರಿಸಿಕೊಂಡು ಫೋಟೊ ಕಳಿಸಿದ. ‘ನೀವು ಕೆಲಸದ ಸ್ಥಳದಲ್ಲಿಲ್ಲ’ ಎಂದಿತು ಆ್ಯಪು. ಸ್ಥಳದಲ್ಲಿ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇದ್ದದ್ದು ಸ್ಥಳವಲ್ಲ. ಇಂಥ ನಿಯಮ ಮಾಡಿದವನು ಜನ್ಮದಲ್ಲಿ ಕುರ್ಚಿ ಬಿಟ್ಟು ಎದ್ದಿರಲಾರ. ಹಾಜರಿ ನೋಡುವ ಮೇಲ್ವಿಚಾರಕರಿಗೆ ಫೋನ್ ಮಾಡಿದ. ಅತ್ತಲಿಂದ “ಹಲೋ” ಎನ್ನುವಷ್ಟರಲ್ಲಿ ಇದ್ದೊಂದು ಕಡ್ಡಿಯೂ ಕೈಕೊಟ್ಟಿತು.

ಏದುಸಿರು ಬಿಡುತ್ತ ಟವರಿಗೆ ಮರಳಿದಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ಇನ್ನು ಹತ್ತರೊಳಗೆ ಟವರನ್ನೇ ಎಬ್ಬಿಸಬೇಕು, ಬೇರೆ ದಾರಿಯಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದು ಹತ್ತತೊಡಗಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಕಾಲು ಸಾಕು ಸಾಕು ಅನ್ನುತ್ತಿತ್ತು. ತುದಿಯಲ್ಲಿ ನೀರಿಳಿದು ಕೇಬಲ್ಲಿನ ಬಾಯಿ ಹಸಿರುಗಟ್ಟಿತ್ತು. ಕೆರೆದ, ಕತ್ತರಿಸಿದ, ಹೊಸದಾಗಿ ಜೋಡಿಸಿ ಟೇಪು ಸುತ್ತಿದ. ಗಾಳಿಗೆ ಎರಡು ಸಲ ಟೇಪು ಕೈತಪ್ಪಿತು. ಕೆಳಗಿಳಿದು ಟವರಿನ ಬುಡದ ಕರೆಂಟಿನ ಪೆಟ್ಟಿಗೆಯ ಸ್ವಿಚ್ಚು ಹಾಕಿದಾಗ ಹತ್ತೂ ಇಪ್ಪತ್ತು.

ಅವನ ಫೋನು ಟಣ್ಣೆಂದಿತು. ಮೊದಲ ಸಂದೇಶವೇ: ‘ಇಂದು ನೀವು ಗೈರು.’ ಅದರ ಬೆನ್ನಿಗೇ ಅಜ್ಜಿಯ ಫೋನು ರಿಂಗಾಯಿತು. “ನನ್ನ ಬಂಗಾರಿ! ಕೇಳಿಸ್ತಿದೆ ಕಣೇ, ಚೆನ್ನಾಗಿ ಕೇಳಿಸ್ತಿದೆ!” ಎಂದು ಅವಳು ಬೇಲಿಗೆ ಒರಗಿ ನಗತೊಡಗಿದಳು. ಆ ನಗು ಕೇಳಿ ಏಣಿಗೆ ಹೋದ ಜೀವ ಮರಳಿದಂತಾಯಿತು. ಧೈರ್ಯ ಮಾಡಿ ಮೇಲ್ವಿಚಾರಕರಿಗೆ ಮತ್ತೆ ಫೋನ್ ಮಾಡಿದ.

“ಸರ್, ಗುಡ್ಡದ ಟವರ್ ಸರಿಮಾಡಿದೆ. ಹಾಜರಿ ಒಂದು ಹೇಗಾದ್ರೂ…”

“ಏನ್ ಸರಿಮಾಡಿದ್ದು? ಆ ಟವರಿನ ದೂರು ಇನ್ನೂ ನನ್ನ ಮುಂದೆ ಹಾಗೇ ಇದೆ.”

“ಹಾಜರಿ ಇಲ್ಲದೆ ದೂರು ಮುಗೀತು ಅಂತ ಹಾಕೋಕೆ ಆ್ಯಪು ಬಿಡಲ್ಲ ಸರ್. ನಾನು ಟವರಿನ ಬುಡದಲ್ಲೇ ನಿಂತಿದ್ದೀನಿ. ನಂಬಿ ಸರ್.”

ಬೇಲಿಯ ಬಳಿ ಅಜ್ಜಿಯ ನಗು ಇನ್ನೂ ನಿಂತಿರಲಿಲ್ಲ.

“ನೋಡಪ್ಪ, ನನ್ನ ಕಿವಿ ಮೇಲೆ ಹೂವಿಡಬೇಡ,” ಎಂದರು ಮೇಲ್ವಿಚಾರಕರು. “ಎಂಟು ದಿನದಿಂದ ಆ ಗುಡ್ಡದಿಂದ ಒಂದು ಫೋನೂ ಬಂದಿಲ್ಲ. ನಿನ್ನ ದನಿ ನೋಡಿದ್ರೆ ಪಕ್ಕದ ಕೋಣೆಯಿಂದ ಬಂದ ಹಾಗಿದೆ, ಮನೆಯವರು ನಗೋದೂ ಕೇಳಿಸ್ತಿದೆ. ಸುಳ್ಳು ಹೇಳೋದಾದ್ರೆ, ಫೋನು ಸ್ವಲ್ಪ ಕರಕರ ಅನ್ನೋ ಹಾಗಾದ್ರೂ ಮಾಡಬಾರದಿತ್ತಾ?”