ಕಪ್ಪಿನೊಳಗೆ ಮೂರು

ಏರ್‌ಗನ್ ಎತ್ತುವ ಮುಂಚೆ ಶಾಲೆ ಬಸ್ಸಿನ ಚಾಲಕ ಮಗಳಿಗೆ ಇನ್ನೊಂದು ಸಲ ಹೇಳಿದ.

“ಐದು ಗುಂಡಲ್ಲಿ ಮೂರು ಕಪ್ಪಿನೊಳಗೆ ಬಿದ್ರೆ ನಾಳೆ ಬಸ್ ಹತ್ತುತ್ತೀನಿ. ಇಲ್ಲಾಂದ್ರೆ ಕೀಲಿ ಶಾಲೆಗೆ ವಾಪಸ್. ಆಮೇಲೆ ನಿನ್ನ ತಕರಾರು ಇರಬಾರದು.”

“ಏರ್‌ಗನ್ ಕೊಟ್ಟು ಕಣ್ಣು ಪರೀಕ್ಷೆ ಮಾಡೋ ಡಾಕ್ಟರನ್ನ ನಾನೆಲ್ಲೂ ಕಂಡಿಲ್ಲಪ್ಪ,” ಎಂದಳು ಮಗಳು. “ಆ ಬಸ್ಸಲ್ಲಿ ನನ್ನ ಮಗುನೂ ಕೂತಿರುತ್ತೆ.”

ಹೋದ ವಾರ ಅವನು ಶಾಲೆಯ ಗೇಟಿನ ಕಂಬಕ್ಕೆ ಬಸ್ಸಿನ ಮೂತಿ ತಾಗಿಸಿದ್ದ. ಬಿಸಿಲು ಕಣ್ಣಿಗೆ ಹೊಡೆಯಿತು ಎಂದಿದ್ದ. ಅವತ್ತು ಬಿಸಿಲೇ ಇರಲಿಲ್ಲ. ಶಾಲೆಯವರು ಒಳ್ಳೆಯವರು, ಒಂದು ವಾರ ಸುಧಾರಿಸಿಕೊಳ್ಳಿ ಎಂದು ಮನೆಗೆ ಕಳಿಸಿದ್ದರು. ಕಣ್ಣಾಸ್ಪತ್ರೆಯ ಮಾತೆತ್ತಿದರೆ ಅವನು ಉರಿದುಬೀಳುತ್ತಿದ್ದ. ದಿನಾ ಸಂಜೆ ಪಡಸಾಲೆಯಲ್ಲಿ ಗುರಿ ಹೊಡೆಯುವುದು ಅವನ ಹಳೆಯ ಹುಚ್ಚು. ತೂತು ಬಿದ್ದ ಕಾಗದವನ್ನೇ ಮಗಳ ಮುಂದೆ ಹಿಡಿದು, ನೋಡು ನನ್ನ ಕಣ್ಣು, ಎನ್ನುತ್ತಿದ್ದ.

ನಡುವೆ ಕಪ್ಪು ವೃತ್ತವಿದ್ದ ಗುರಿಯ ಕಾಗದ ಪಡಸಾಲೆಯ ಆ ತುದಿಯಲ್ಲಿತ್ತು. ಅಕ್ಕಪಕ್ಕದವರ ಬಾಯಿಗೆ ಹೆದರಿ ಅದರ ಹಿಂದೆ ಹಳೆಯ ಹಾಸಿಗೆ ನಿಲ್ಲಿಸಿದ್ದರು. ಗುಂಡು ಎಲ್ಲಿ ಬಿದ್ದರೂ ಸದ್ದಿಲ್ಲ. ಅದರ ಪಕ್ಕದ ಕೋಣೆ ಹೆಂಡತಿಯದು. ಅಂಗಡಿಗೆ ಸ್ವೆಟರ್ ಹೆಣೆದು ಕೊಡುತ್ತಿದ್ದಳು. ಅವನು ‘ಆಯ್ತು’ ಎನ್ನುವವರೆಗೆ ಆ ಬಾಗಿಲು ತೆರೆಯಕೂಡದು. ಕಾಗದ ತರುವ ಕೆಲಸವೂ ಅವಳದೇ. ಬಸ್ಸಿಲ್ಲದೆ ಈ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂದು ವಾರದಿಂದ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಟಪ್.

ಚಾಲಕ ಮಗಳಿಗೆ ಬೆನ್ನು ಹಾಕಿ ಬಂದೂಕಿನ ನಳಿಗೆ ಮಡಚಿದ, ಜೇಬಿಗೆ ಕೈ ಹಾಕಿದ, ನಳಿಗೆಯನ್ನು ಮತ್ತೆ ನೆಟ್ಟಗೆ ಮಾಡಿದ.

ಟಪ್.

ಮಗಳು ಉಗುರು ಕಚ್ಚುತ್ತಿದ್ದಳು. ಅಪ್ಪ ಗೆಲ್ಲಲಿ ಎಂದೂ ಅವಳಿಗೆ ಅನ್ನಿಸುತ್ತಿತ್ತು, ಗೆಲ್ಲದಿರಲಿ ಎಂದೂ. ಬಾಗಿಲ ಹಿಂದೆ ಹೆಣೆಯುವ ಕಡ್ಡಿಗಳ ಟಿಕಟಿಕ ಇವತ್ತು ಕೇಳುತ್ತಿರಲಿಲ್ಲ. ಅಮ್ಮನಿಗೂ ಜೀವ ಬಾಯಿಗೆ ಬಂದಿರಬೇಕು.

ಮೂರು. ನಾಲ್ಕು. ಐದನೆಯದಕ್ಕೆ ಚಾಲಕ ಬಹಳ ಹೊತ್ತು ಗುರಿ ಹಿಡಿದ. ಹಣೆಯ ಬೆವರು ಹುಬ್ಬಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಟಪ್.

“ಆಯ್ತು.”

ಹೆಂಡತಿ ಉಲ್ಲನ್ನಿನ ಬುಟ್ಟಿಯನ್ನು ಎದೆಗವಚಿಕೊಂಡೇ ಹೊರಬಂದಳು. ಇಬ್ಬರಿಗೂ ಬೆನ್ನು ಮಾಡಿ ನಿಂತು ಕಾಗದಕ್ಕೆ ಕೈ ಹಾಕಿದಳು.

“ನಾಲ್ಕು ಪಿನ್ನು ಬಿಚ್ಚೋಕೆ ಇಷ್ಟು ಹೊತ್ತಾ ಅಮ್ಮ?”

“ಕೈ ನಡುಗ್ತಿದೆ ಕಣೇ. ನಿಮ್ಮಿಬ್ಬರ ಹಟದಲ್ಲಿ ನಾನು ಸಾಯ್ತೀನಿ.”

ಕಾಗದ ತಂದು ಗಂಡನ ಕೈಗಿಟ್ಟಳು. ನಾಲ್ಕು ತೂತು ಕಪ್ಪಿನೊಳಗೆ, ಒಂದು ಅಂಚಿನಲ್ಲಿ. ಮಗಳು ಎರಡೆರಡು ಸಲ ನೋಡಿದಳು. ಮುಖ ಸಡಿಲಾಯಿತು.

“ಸರಿಯಪ್ಪ, ಸೋತೆ. ಇನ್ನು ಸುಮ್ಮನಿರ್ತೀನಿ.”

ಚಾಲಕ ಓದುವ ಕನ್ನಡಕ ಏರಿಸಿಕೊಂಡ. ತೂತಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. ಸೀಸದ ಗುಂಡು ಹಾಯ್ದರೆ ಬೆರಳಿಗೆ ಮಸಿ ಹತ್ತುತ್ತದೆ. ಏನೂ ಹತ್ತದ ಬೆರಳನ್ನು ನೋಡಿಕೊಂಡು ಕಾಗದವನ್ನು ಮೇಜಿನ ಮೇಲಿಟ್ಟ. ಗೆದ್ದವನ ಜಂಬ ಅವನ ಮುಖದಲ್ಲಿ ಇರಲಿಲ್ಲ.

“ನೀನು ಹೇಳು,” ಎಂದ ಹೆಂಡತಿಗೆ. “ಮೊಮ್ಮಗಳೂ ಇರ್ತಾಳೆ. ಅಷ್ಟೂ ಮಕ್ಕಳನ್ನ ಕೂರಿಸ್ಕೊಂಡು ನಾಳೆ ಹೊರಡಲಾ?”

ಅವಳು ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಉಲ್ಲನ್ನಿನಡಿ ಕಾಗದ ಸರಕ್ಕೆಂದಿತು.

“ಹೊರಡಿ. ಕಣ್ಣಿಗೇನಾಗಿದೆ ನಿಮಗೆ? ಕಾಗದಾನೇ ಹೇಳ್ತಿದೆಯಲ್ಲ.”

ಚಾಲಕ ಅವಳನ್ನೇ ನೋಡುತ್ತ ಕೇಳಿದ: “ಇವತ್ತು ನಾನು ಬಂದೂಕಿಗೆ ಒಂದು ಗುಂಡೂ ಹಾಕಿರಲಿಲ್ಲ ಕಣೇ, ಇಷ್ಟು ದಿನ ಕಪ್ಪಿನೊಳಗೆ ನಾನು ಎಷ್ಟು ಹೊಡೀತಿದ್ದೆ, ನಿಜ ಹೇಳು.”