ಕತ್ತಿನ ಮೇಲಿನ ನೆರಳು

ಮುಂಗಾರಿನ ಹದಮಳೆ ಬಿದ್ದು ವಾರವಾಗಿತ್ತು. ಬೆಳಗಿನ ಎಳೆಬಿಸಿಲಲ್ಲಿ, ಹಟ್ಟಿಯ ಗುಡಿಯ ಮುಂದೆ, ಮಾರುತೇಶ ಮೇಷ್ಟ್ರು ದೇವರ ಎತ್ತಿನ ಕೊರಳಿಗೆ ಕೈ ಹಾಕಿದರು. ಅಲ್ಲಿ ಕರಿ ಉಣ್ಣೆಯ ದಪ್ಪನೆಯ ಪಟ್ಟಿ ಇತ್ತು.

"ಬಿಚ್ಚು ಇದನ್ನ. ಮೊದಲು ಮೈ ಬರೀಬೇಕು, ಆಮೇಲೆ ಒಡವೆ."

ಶಿಷ್ಯೆ ಸ್ವಪ್ನ ಬಿಚ್ಚಿದಳು. ಎತ್ತನ್ನು ನೋಡಿಕೊಳ್ಳುವ ಕಿಲಾರಿ ಮುದ್ದಪ್ಪ ನೀರು ತರಲು ಹೋಗಿದ್ದ.

ಚಳ್ಳಕೆರೆಯಲ್ಲಿ ಎಣ್ಣೆ ಗಾಣದ ಮೇಲಿನ ಕೋಣೆಯಲ್ಲಿ ಮೇಷ್ಟ್ರು ತೈಲಚಿತ್ರ ಕಲಿಸುತ್ತಿದ್ದರು. ಕೆಳಗೆ ಕಡಲೆಕಾಯಿ ಎಣ್ಣೆ, ಮೇಲೆ ಅಗಸೆ ಎಣ್ಣೆ. ಎರಡರಲ್ಲಿ ಕೆಳಗಿನದೇ ಶುದ್ಧ ಎಂದು ಊರವರು ನಗುತ್ತಿದ್ದರು. ಮೇಷ್ಟ್ರು ಬರೆಯುತ್ತಿದ್ದದ್ದು ಸಾಹುಕಾರರ ಮುಖಗಳನ್ನು. ಮಚ್ಚೆ ಇದ್ದರೆ ಅಳಿಸುತ್ತಿದ್ದರು, ಸುಕ್ಕು ಇದ್ದರೆ ತೀಡುತ್ತಿದ್ದರು. ಆಮೇಲೆ ಶಿಷ್ಯರ ಕಡೆ ತಿರುಗಿ, "ನಿಮಗೆ ಗೊತ್ತಿರೋದನ್ನ ಬರೀಬೇಡಿ, ಕಣ್ಣಿಗೆ ಕಾಣೋದನ್ನ ಬರೀರಿ," ಎನ್ನುತ್ತಿದ್ದರು.

ಹಟ್ಟಿಯ ಯಜಮಾನ ಓಬಳಪ್ಪ ದೇವರ ಎತ್ತಿನ ಚಿತ್ರವನ್ನು ಗುಡಿಗೆ ಕೇಳಿದ್ದ. ದನ ಬರೆಯುವುದು ತಮ್ಮ ಘನತೆಗೆ ಕಡಿಮೆಯೆಂದು ಮೇಷ್ಟ್ರು ಅದನ್ನು ಸ್ವಪ್ನಳ ತಲೆಗೆ ಕಟ್ಟಿದರು. "ಇದು ಕೆಟ್ಟರೆ ಕುಂಚ ಕೆಳಗಿಡು. ನನ್ನ ಮೆಟ್ಟಿಲು ಹತ್ತಬೇಡ," ಎಂದೂ ಹೇಳಿದ್ದರು. ಚಳ್ಳಕೆರೆಯಲ್ಲಿ ಅವಳಿಗೆ ಬೇರೆ ಮೆಟ್ಟಿಲು ಇರಲಿಲ್ಲ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕಣ್ಣು ಕಿರಿದಾದರೆ ಕೂದಲು, ಗೆರೆ ಎಲ್ಲ ಅಳಿದು ಬೆಳಕು, ಕತ್ತಲು ಎರಡೇ ಉಳಿಯುತ್ತವೆ. ಸಣ್ಣ ಹಲಗೆಯ ಮೇಲೆ ತೆಳ್ಳಗಿನ ಬಣ್ಣದಲ್ಲಿ ಕತ್ತಲನ್ನು ಮೊದಲು ಹಾಕಿದಳು.

ಮುದ್ದಪ್ಪ ಬಂದವನೇ ಬಿಂದಿಗೆ ಕುಕ್ಕಿದ.

"ಏನ್ ಸ್ವಾಮಿ ಇದು! ದೇವ್ರು ಬರಿಮೈಲಿ ನಿಲ್ಲಬಾರ್ದು!" ಪಟ್ಟಿ ಕಿತ್ತುಕೊಂಡು ಎತ್ತಿನ ಕೊರಳಿಗೆ ಬಿಗಿದ. "ದೇವ್ರಿಗೆ ಬಿಟ್ಟಿದ್ದು, ನೊಗ ಮುಟ್ಟದ ಮೈ ಇದು. ಹಂಗೆಲ್ಲಾ ನೋಡೋದಲ್ಲ."

"ಭಕ್ತಿ ಅಂದ್ರೆ ಇದು," ಎಂದರು ಮೇಷ್ಟ್ರು ಸ್ವಪ್ನಳಿಗೆ. "ನಿನಗೆ ಕುಂಚದ ಮೇಲೂ ಇಲ್ಲ."

ಬಸ್ಸಿಗೆ ಬಿಡಲು ಮುದ್ದಪ್ಪ ಗುಡ್ಡದ ಹಿಂದಿನ ದಾರಿಯಲ್ಲಿ ಕರೆದೊಯ್ದ. ಅಲ್ಲೊಂದು ಹೊಲ ಆಗಲೇ ಉಳುಮೆಯಾಗಿ ಮಲಗಿತ್ತು. ಮಿಕ್ಕವರಿನ್ನೂ ನೇಗಿಲು ಹುಡುಕುತ್ತಿದ್ದರು.

"ನಂದೇ ಸ್ವಾಮಿ. ಜೋಡೀಲಿ ಒಂದೆತ್ತು ಶಿವರಾತ್ರೀಲಿ ಸತ್ತೋಯ್ತು."

"ಮತ್ತೆ ಟ್ರ್ಯಾಕ್ಟರಾ?" ಎಂದಳು ಸ್ವಪ್ನ.

"ನಮ್ ಕೈಲೇನೈತೆ? ಎಲ್ಲಾ ದೇವ್ರು ನಡಿಸ್ಕೊಟ್ಟ."

ಮೇಷ್ಟ್ರಿಗೆ ಅವನ ಮಾತು ಬೇಕಿರಲಿಲ್ಲ. "ಮಣ್ಣಿನ ಬಣ್ಣ ನೋಡು," ಎಂದು ಸ್ವಪ್ನಳಿಗೆ ಪಾಠ ಶುರು ಮಾಡಿದ್ದರು.

ಚಳ್ಳಕೆರೆಗೆ ಮರಳಿ, ಹಲಗೆಯ ಕರಡು ನೋಡಿಕೊಂಡು ಸ್ವಪ್ನ ದೊಡ್ಡ ಚಿತ್ರಕ್ಕೆ ಕೂತಳು. ಮೊದಲ ಪದರ ತೆಳ್ಳಗೆ, ಮೇಲಿನ ಪದರಕ್ಕೆ ಎಣ್ಣೆ ಹೆಚ್ಚು. ಬಿಳಿ ಎತ್ತು ಮೆಲ್ಲಗೆ ಎದ್ದು ನಿಂತಿತು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಡುಬ್ಬದ ಮುಂದೆ, ಕತ್ತಿನ ಮೇಲೆ, ಅಂಗೈ ಅಗಲದ ಕಪ್ಪು.

ಮೇಷ್ಟ್ರು ಶಿಷ್ಯರನ್ನೆಲ್ಲ ಕರೆದು ಸುತ್ತ ನಿಲ್ಲಿಸಿದರು.

"ನೋಡ್ರಪ್ಪಾ, ಹೊಸ ಸೂರ್ಯ! ಬೆಳಕು ಮೇಲಿಂದ ಬೀಳ್ತೈತೆ, ನೆರಳೂ ಮೇಲೇ ಕೂತೈತೆ! ನೆರಳು ಎಲ್ಲಿ ಬೀಳುತ್ತೆ ಅಂತ ಕುರಿಗೂ ಗೊತ್ತು, ಬಿಸಿಲಾದ್ರೆ ಅಲ್ಲಿ ಹೋಗಿ ಮಲಗ್ತದೆ. ಈಯಮ್ಮಂಗೆ ಗೊತ್ತಿಲ್ಲ."

ಶಿಷ್ಯರು ನಕ್ಕರು. ನಗದವರಿಗೆ ಅಲ್ಲಿ ಪಾಠವಿರಲಿಲ್ಲ.

"ನಂಗೆ ಕಂಡಿದ್ದು ಇಷ್ಟೇ ಸರ್. ಕರಡಲ್ಲೂ ಐತೆ."

"ಕಂಡಿದ್ದಲ್ಲ. ಕಾಣೋಕೆ ಬರಾಕಿಲ್ಲ."

ಅಲಗಿನಿಂದ ಕಪ್ಪನ್ನು ಕೆರೆದು ಹಾಕಿದರು. ಮರುದಿನ ಅವಳು ಮತ್ತೆ ಬರೆದಳು.

ಸಂತೆಗೆಂದು ಚಳ್ಳಕೆರೆಗೆ ಬಂದ ಮುದ್ದಪ್ಪನೂ ಮೆಟ್ಟಿಲು ಹತ್ತಿ ನೋಡಿದ. ಬಹಳ ಹೊತ್ತು ನೋಡಿದ.

"ಅಯ್ಯೋ ತಾಯೀ, ದೇವ್ರ ಮೈಗೆ ಮಸಿ ಬಳಿದಿದೀಯಲ್ಲಾ! ಅಳಿಸವ್ವಾ, ನಿನ್ನ ಕೈಗೆ ಹುಳ ಬೀಳ್ತವೆ. ಪಟ್ಟಿ ಬರಿ ಅಲ್ಲಿ, ಒಳ್ಳೆ ದಪ್ಪಕ್ಕೆ ಬರಿ."

"ಕೇಳಿದೆಯಾ?" ಎಂದರು ಮೇಷ್ಟ್ರು. "ದನ ಕಾಯೋನಿಗೂ ಗೊತ್ತಾಗೋ ತಪ್ಪು. ಅಳಿಸು. ಇಲ್ಲಾ, ಸೋಮವಾರದಿಂದ ಬರಬೇಡ."

ಅವಳು ಅಳಿಸಲಿಲ್ಲ. ಅದು ಏನೆಂದು ಅವಳಿಗೂ ಗೊತ್ತಿರಲಿಲ್ಲ. ಪೇಟೆಯ ಹುಡುಗಿ, ಎತ್ತಿನ ಹತ್ತಿರ ನಿಂತದ್ದೇ ಅದು ಮೊದಲು.

ಭಾನುವಾರ ಗುಡಿಯ ಮುಂದೆ ಹಟ್ಟಿ ಸೇರಿತು. ಓಬಳಪ್ಪ ಬಟ್ಟೆ ಸರಿಸಿದ. ಜನ ಕೈ ಮುಗಿದರು, ಆಮೇಲೆ ಗುಸುಗುಸು ಎದ್ದಿತು.

"ಕಲಿಯೋ ಹುಡುಗಿ, ನೆರಳು ಹಾಕೋದು ಬಂದಿಲ್ಲ," ಎಂದು ಮೇಷ್ಟ್ರು ಕುಂಚಕ್ಕೆ ಬಿಳಿ ಬಣ್ಣ ಮೆತ್ತಿಕೊಂಡರು. "ಇಲ್ಲೇ ಸರಿ ಮಾಡ್ತೀನಿ. ಇವಳು ನಾಳೆಯಿಂದ ನನ್ನ ಶಿಷ್ಯೆ ಅಲ್ಲ."

"ಬೇಗ ಬಳೀರಿ ಸ್ವಾಮಿ," ಎಂದ ಮುದ್ದಪ್ಪ.

"ತಡಿಯಪ್ಪಾ," ಎಂದಳು ಪಾಪಕ್ಕ. ಓಬಳಪ್ಪನ ತಾಯಿ, ಹಟ್ಟಿಗೇ ಹಿರಿಯಳು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದು ಆ ಕಪ್ಪನ್ನು ನೋಡಿದಳು. ಮೇಷ್ಟ್ರು ತುಟಿ ಓರೆ ಮಾಡಿದರು. ಮುದುಕಿ ಅವರ ಕಡೆ ತಿರುಗಲೂ ಇಲ್ಲ. ಕೋಲೂರಿಕೊಂಡು ಎತ್ತಿನ ಬಳಿ ಹೋಗಿ ಉಣ್ಣೆ ಪಟ್ಟಿ ಬಿಚ್ಚಿದಳು. ಕತ್ತಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ಹಾಗೇ ನಿಂತಿತು.

"ಲೇ ಮುದ್ದಾ, ನಿನ್ನೆತ್ತು ಶಿವರಾತ್ರೀಲೇ ಸತ್ತೋಯ್ತಲ್ಲ. ನೊಗದ ಆ ಕಡೀಕೆ ಯಾರನ್ನ ಕಟ್ಟಿದ್ಯೋ?"

ಬಿಳಿ ಬಣ್ಣ ಮೇಷ್ಟ್ರ ಕುಂಚದಿಂದ ಜಾರಿ ಅವರ ಚಪ್ಪಲಿಯ ಮೇಲೆ ಬಿತ್ತು.

ಬಸವನ ದಿನವೆಂದು ಯಾರೂ ಎತ್ತಿಗೆ ನೊಗ ಹೂಡದ ಸೋಮವಾರ ಮುದ್ದಪ್ಪ ಹಟ್ಟಿ ಬಿಟ್ಟ; ಗುಡಿಯ ಗೋಡೆಯ ಮೇಲೆ, ದೇವರ ಎತ್ತಿನ ಕತ್ತಿನಲ್ಲಿ, ನೊಗ ಉಜ್ಜಿ ಕಟ್ಟಿದ ಜಡ್ಡು ಹಾಗೇ ಉಳಿಯಿತು.